ಶಂಖಪುಷ್ಪದ 24 ಡಾಲ್ಟನ್: ಸೈಬೇಸ್, ನಾಟಿನ್, ಕೊನೊಸರ್ವರ್ ಏಳು ವರ್ಷ ಬಳಸಿದ ಮೇಲೆ

ಉಡುಪಿಯಲ್ಲಿ ಡಿಗ್ರಿ ಮಕ್ಕಳಿಗೆ ಬಯೋಕೆಮಿಸ್ಟ್ರಿ ಪಾಠ ಮಾಡ್ತೇನೆ, ಉಳಿದ ಹೊತ್ತಲ್ಲಿ ಪೆಪ್ಟೈಡ್‌ನ, ಅಂದ್ರೆ ಪುಟ್ಟ ಪ್ರೋಟೀನ್‌ಗಳ ಕೆಲಸ. ಸೈಬೇಸ್, ನಾಟಿನ್, ಕೊನೊಸರ್ವರ್ ಅಂತ ಇಂಥ ಪೆಪ್ಟೈಡ್‌ಗಳ ಮೂರು ಡೇಟಾಬೇಸ್ ಬಳಸ್ಲಿಕ್ಕೆ ಶುರು ಮಾಡಿ ಏಳು ವರ್ಷ ಆಯ್ತು, ಮೂರೂ ಫ್ರೀ.

ಗೊತ್ತಿಲ್ಲದವರಿಗೆ ಹೇಳುದಾದ್ರೆ ನಾಟಿನ್ ಅಂದ್ರೆ ಹೆಚ್ಚಾಗಿ 30ರ ಆಸುಪಾಸು ಅಮೈನೋ ಆಸಿಡ್ ಇರುವ ಪುಟ್ಟ ಪ್ರೋಟೀನ್, ಅದ್ರಲ್ಲಿ ಸಿಸ್ಟೀನ್ ಅನ್ನುವ ಅಮೈನೋ ಆಸಿಡ್ ಆರು, ಅವು ಎರಡೆರಡು ಸೇರಿ ಮೂರು ಡೈಸಲ್ಫೈಡ್ ಬಂಧ (ಗಂಧಕದ ಕೊಂಡಿ). 1ನೇ ಸಿಸ್ಟೀನ್‌ಗೂ 4ನೇದಕ್ಕೂ ಇರುವ ಬಂಧ (1-4) ಮತ್ತೆ 2-5 ಬಂಧ ಸೇರಿ ಒಂದು ಬಳೆಯ ಹಾಗೆ ಆಗ್ತದೆ, 3-6 ಅದರ ಒಳಗಿಂದ ತೂರಿ ಹೋಗ್ತದೆ. ಈ ಗಂಟು ಬಿದ್ದ ಮೇಲೆ ಅದು ಬಿಸಿಗೂ ಎಂಜೈಮ್‌ಗೂ ಅಷ್ಟು ಸುಲಭದಲ್ಲಿ ಜಗ್ಗುದಿಲ್ಲ. ಕಾಂಗೋದಲ್ಲಿ ಹೆರಿಗೆ ಬೇಗ ಆಗ್ಲಿ ಅಂತ ಒಂದು ಗಿಡ ಕುದಿಸಿ ಕುಡೀತಿದ್ರು, ಅದರಲ್ಲಿದ್ದದ್ದು ಕಲಾಟಾ ಬಿ1, 29 ಅಮೈನೋ ಆಸಿಡ್, ಗಂಟೂ ಉಂಟು ತಲೆಬಾಲವೂ ಕೂಡಿ ಉಂಗುರ ಆಗಿದೆ. ನಮ್ಮ ಹಾಗಲಕಾಯಿ ಬೀಜದ, ಟ್ರಿಪ್ಸಿನ್ ಎಂಜೈಮ್ ತಡೆಯುವ ಪ್ರೋಟೀನೂ ನಾಟಿನ್ನೇ.

ಸೈಬೇಸ್ ಅಂದ್ರೆ ಹೀಗೆ ಉಂಗುರ ಆದ ಪ್ರೋಟೀನ್‌ಗಳ ಡೇಟಾಬೇಸ್, ಅದು ನಂಗೆ ಇಷ್ಟ ಆದದ್ದು ಶಂಖಪುಷ್ಪದಿಂದ. ಅಮ್ಮ ಬೇಲಿಗೆ ಬಿಟ್ಟ ಬಳ್ಳಿ, ಅದರ ಎಲೆ ತಂದು ಸಾರ ತೆಗೆದು ಮಾಸ್ (ಅಣುವಿನ ತೂಕ) ನೋಡ್ಲಿಕ್ಕೆ ಕಳಿಸಿದ್ದೆವು, ರಿಪೋರ್ಟ್ ಬಂದಾಗ ನಾವು ಸೀಕ್ವೆನ್ಸ್‌ನಿಂದ (ಅಮೈನೋ ಆಸಿಡ್‌ಗಳ ಸಾಲಿನಿಂದ) ಲೆಕ್ಕ ಹಾಕಿದ್ದಕ್ಕಿಂತ 24 ಡಾಲ್ಟನ್ ಕಡಿಮೆ, ಒಂದು ಡಾಲ್ಟನ್ ಅಂದ್ರೆ ಸುಮಾರು ಒಂದು ಹೈಡ್ರೋಜನ್‌ನಷ್ಟು ತೂಕ. ಮಕ್ಕಳಿಗೆ ಖುಷಿಯೋ ಖುಷಿ, "ಮೇಡಂ, ಇದು ಹೊಸ ಪ್ರೋಟೀನ್ ಇರ್ಬೇಕು" ಅಂತ. ನಾನೂ ಎರಡು ದಿನ ನಿದ್ದೆ ಸರಿ ಮಾಡ್ಲಿಲ್ಲ. ಸೈಬೇಸ್‌ನಲ್ಲಿ ಹತ್ತಿರದ ಎಂಟ್ರಿಗಳನ್ನು ಒಂದೊಂದೇ ತೆಗೆದು ಮಾಸ್ ನೋಡ್ತಾ ಹೋದ ಹಾಗೆ ವಿಷಯ ಗೊತ್ತಾಯ್ತು: ಮೂರು ಡೈಸಲ್ಫೈಡ್ ಆಗುವಾಗ ಆರು ಹೈಡ್ರೋಜನ್ ಹೋಗ್ತದೆ, ಅಲ್ಲಿಗೆ 6, ತಲೆಬಾಲ ಕೂಡುವಾಗ ಒಂದು ನೀರಿನ ಅಣು ಹೋಗ್ತದೆ, ಅದು 18. ಲೆಕ್ಕ ಮುಗೀತು. ಶಂಖಪುಷ್ಪದಲ್ಲಿ ಸೈಕ್ಲೋಟೈಡ್ (ಕಲಾಟಾ ಬಿ1ರ ಹಾಗೆ ಗಂಟೂ ಉಂಗುರವೂ ಇರುವ ಪ್ರೋಟೀನ್) ಉಂಟು ಅಂತ 2011ರಲ್ಲೇ ಪ್ರಕಟ ಆಗಿತ್ತು, ಅದೂ ಆಲ್ಬುಮಿನ್ ಅನ್ನುವ ಬೇರೆ ಪ್ರೋಟೀನ್‌ನ ಜೀನ್‌ನ ಒಳಗೆ ಅಡಗಿಕೊಂಡು. ಇನ್ನೊಂದು ಉಂಟು, ಉಂಗುರಕ್ಕೆ ಶುರು ಎಲ್ಲಿ ಕೊನೆ ಎಲ್ಲಿ? ಒಬ್ಬರು ಒಂದು ಕಡೆ ಕತ್ತರಿಸಿ ಬರೆದ್ರೆ ಇನ್ನೊಬ್ಬರು ಇನ್ನೊಂದು ಕಡೆ, ಹಾಗಾಗಿ ಸೀಕ್ವೆನ್ಸ್ ಹೋಲಿಸುವ ಸಾಮಾನ್ಯ ಬ್ಲಾಸ್ಟ್ ಹುಡುಕಾಟದಲ್ಲಿ ಹೋಲಿಕೆ ಅರ್ಧಕ್ಕೇ ತುಂಡಾಗ್ಬಹುದು. ಉಂಗುರಗಳಿಗೇ ಅಂತ ಪ್ರತ್ಯೇಕ ಜಾಗ ಬೇಕಾದ್ದು ಅದಕ್ಕೆ.

ನಾಟಿನ್ ಡೇಟಾಬೇಸ್ ಫ್ರಾನ್ಸ್‌ದು, 2004ರಿಂದ ಪ್ರಕಟಣೆಯಲ್ಲಿದೆ. ಇದರ ದೊಡ್ಡ ಉಪಕಾರ ಎಲ್ಲ ನಾಟಿನ್‌ಗೂ ಒಂದೇ ನಂಬರಿಂಗ್ ಕೊಟ್ಟದ್ದು. ಸಿಸ್ಟೀನ್‌ಗಳ ನಡುವಿನ ಲೂಪ್ ಒಂದೊಂದರಲ್ಲಿ ಒಂದೊಂದು ಉದ್ದ, ನಂಬರಿಂಗ್ ಇಲ್ಲದಿದ್ರೆ ಹಾಗಲ ಬೀಜವನ್ನೂ ಜೇಡನ ವಿಷವನ್ನೂ ಪಕ್ಕದಲ್ಲಿಟ್ಟು ಹೋಲಿಸ್ಲಿಕ್ಕೆ ಆಗ್ತಿರ್ಲಿಲ್ಲ. ಜಾಗ್ರತೆ ಬೇಕಾದ್ದು ಒಂದೇ: ಅದರಲ್ಲಿ ಪ್ರಯೋಗದಿಂದ ಸಿಕ್ಕಿದ ರಚನೆಯೂ ಉಂಟು, ಕಂಪ್ಯೂಟರ್ ಮಾಡೆಲ್ ಕೂಡ ಉಂಟು, ಯಾವುದು ಅಂತ ನೋಡಿಯೇ ಚಿತ್ರ ಹಾಕಿ.

ಕೊನೊಸರ್ವರ್ ಸಮುದ್ರದ ಕೋನ್ ಬಸವನಹುಳದ ವಿಷಕ್ಕೆ, ಆಸ್ಟ್ರೇಲಿಯಾದವರದ್ದು. ಮಲ್ಪೆಯಲ್ಲಿ ಚಿಪ್ಪು ಹೆಕ್ಕಿ ಬೆಳೆದ ಮಕ್ಕಳಿಗೆ ಮೊದಲು ಇದನ್ನೇ ತೋರಿಸ್ತೇನೆ. ಈ ವಿಷದ ಪೆಪ್ಟೈಡ್ ನೋಡಿಯೇ ಮಾಡಿದ, 25 ಅಮೈನೋ ಆಸಿಡ್‌ನ ಜಿಕೊನೊಟೈಡ್ ತೀವ್ರ ನೋವಿಗೆ ಔಷಧಿ ಆಗಿ 2004ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೀತು ಅಂದ್ರೆ ಕಣ್ಣರಳಿಸ್ತಾರೆ. ಆದ್ರೆ ಇಲ್ಲಿರುದೆಲ್ಲ ನಾಟಿನ್ ಅಲ್ಲ, ಆಲ್ಫಾ ಅನ್ನುವ ಗುಂಪಿನ ಪೆಪ್ಟೈಡ್‌ಗಳಿಗೆ ಸಾಮಾನ್ಯವಾಗಿ ಎರಡೇ ಡೈಸಲ್ಫೈಡ್.

ಬೇಜಾರಿನ ವಿಷಯವೂ ಹೇಳ್ಬೇಕು. ಇದೇ ತರದ ಇನ್ನೊಂದು ಸಣ್ಣ ಡೇಟಾಬೇಸ್, ಹೆಸರು ಬೇಡ, ನಮ್ಮ ಹುಡುಗಿಯೊಬ್ಬಳು ಪ್ರಾಜೆಕ್ಟ್ ಕೊಡುವ ವಾರವೇ ತೆರೀಲಿಲ್ಲ. ಜುಲೈ ತಿಂಗಳು, ಹೊರಗೆ ಜಡಿಮಳೆ, ನಮ್ಮ ನೆಟ್ಟೇ ಹೋಯ್ತು ಅಂತ ಮೂರು ಕಡೆ ಹೋಗಿ ನೋಡಿದ್ಲು ಪಾಪ. ಅಂದಿನಿಂದ ಬೇಕಾದ ಫಾಸ್ಟಾ ಫೈಲ್ (ಸೀಕ್ವೆನ್ಸ್ ಬರೆದಿಟ್ಟ ಫೈಲ್) ಇಳಿಸಿಕೊಂಡು ತಾರೀಕು ಹಾಕಿ ಲ್ಯಾಪ್‌ಟಾಪಲ್ಲಿ ಇಡ್ತೇನೆ. ಮತ್ತೆ ಬಳಸಿದವರು ದಯವಿಟ್ಟು ಪೇಪರ್‌ನಲ್ಲಿ ಇವರ ಹೆಸರು ಹಾಕಿ ಮಾರಾಯ್ರೆ, ಸಣ್ಣ ತಂಡಗಳಿಗೆ ದುಡ್ಡು ಕೇಳ್ಲಿಕ್ಕೆ ಅದೇ ಆಧಾರ.

ಈಗ ಅಮ್ಮ ಬಿಳಿ ಹೂವಿನ ಶಂಖಪುಷ್ಪ ಹಬ್ಬಿಸಿದ್ದಾರೆ, ಎಲೆ ಒಣಗ್ತಾ ಉಂಟು. ಈ ಸಲ 24 ಮೊದಲೇ ಕಳೆದಿಟ್ಟಿದ್ದೇನೆ.