ಆರ್ಕ್‌ಟಿಕ್ ಎಂಎಕ್ಸ್-4 ಥರ್ಮಲ್ ಪೇಸ್ಟ್: ಹಳೆಯ ಗೇಮ್ ಕನ್ಸೋಲ್‌ನಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ನನ್ನದು 2013ರಲ್ಲಿ ಬಂದ ತಲೆಮಾರಿನ ಕನ್ಸೋಲ್. ಬರ್ತಾ ಬರ್ತಾ ಅದರ ಫ್ಯಾನ್ ಸದ್ದು ಎಷ್ಟಾಯಿತೆಂದರೆ, ಟಿವಿ ವಾಲ್ಯೂಮ್ ಏರಿಸದೆ ಆಡುವ ಹಾಗೇ ಇರಲಿಲ್ಲ. ಆಮೇಲೆ ಬಿಸಿ ಜಾಸ್ತಿಯಾಗಿದೆ ಎಂದು ತೋರಿಸಿ ತಾನೇ ಆಫ್ ಆಗತೊಡಗಿತು. ಒಳಗೆ ಚೊಕ್ಕ ಮಾಡಿ, ಚಿಪ್‌ನ ಬಿಸಿಯನ್ನು ಹೊರಗೆ ದಾಟಿಸಲು ಈ ಪೇಸ್ಟ್ ಹಾಕಿದ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ. ದೊಡ್ಡ ಗೇಮ್ ಆಡುವಾಗಲೂ ಫ್ಯಾನ್ ಹದವಾಗಿ ತಿರುಗುತ್ತದೆ.

ಇದಕ್ಕೂ ಮುಂಚೆ ಹಿಂಬದಿಗೆ ಸಿಕ್ಕಿಸುವ ಯುಎಸ್‌ಬಿ ಫ್ಯಾನ್ ಬಳಸಿ ನೋಡಿದ್ದೆ. ಸದ್ದು ಇನ್ನಷ್ಟಾಯಿತು, ಬಿಸಿ ಕಮ್ಮಿಯಾಗಲಿಲ್ಲ. ಚಿಪ್‌ನ ಬಿಸಿ ಅದರ ಮೇಲಿನ ಹೀಟ್‌ಸಿಂಕ್‌ಗೆ, ಅಂದರೆ ಬಿಸಿ ಹೀರಿ ಹೊರಬಿಡುವ ಲೋಹದ ಭಾಗಕ್ಕೆ, ದಾಟುವುದೇ ಇಲ್ಲ ಅಂದ್ರೆ ಹೊರಗಿನಿಂದ ಎಷ್ಟು ಗಾಳಿ ಎಳೆದರೇನು? ಅದಕ್ಕೆ ದುಡ್ಡು ಹಾಕಬೇಡಿ.

ಬಿಚ್ಚಿದಾಗ ಕಂಡದ್ದು ಎರಡು. ಹೀಟ್‌ಸಿಂಕ್‌ನ ತೆಳು ಪಟ್ಟಿಗಳ ನಡುವೆ ಧೂಳು ಹತ್ತಿಯ ಹಾಸಿನ ಹಾಗೆ ಕೂತಿತ್ತು. ಮೇಲಿನಿಂದ ಊದಿದರೆ ಅಲ್ಲಾಡಲಿಲ್ಲ, ಚಿಮುಟದಿಂದ ಹಿಡಿದು ಎಳೆದಾಗ ಒಂದೇ ತುಂಡಾಗಿ ಎದ್ದು ಬಂತು. ಇನ್ನು ಚಿಪ್ ಮೇಲಿದ್ದ ಹಳೇ ಪೇಸ್ಟ್ ಒಣಗಿ ಬಿರುಕು ಬಿಟ್ಟಿತ್ತು. ಪ್ಲಾಸ್ಟಿಕ್ ತುಂಡಿನಿಂದ ಮೆಲ್ಲಗೆ ಕೆರೆದರೆ ಪುಡಿಪುಡಿಯಾಗಿ ಉದುರಿತು.

ಚಿಪ್ ಕಣ್ಣಿಗೆ ನುಣುಪಾಗಿಯೇ ಕಾಣುತ್ತದೆ. ಆದರೆ ಅದಕ್ಕೂ ಹೀಟ್‌ಸಿಂಕ್‌ಗೂ ನಡುವೆ ಸಣ್ಣ ಸಣ್ಣ ಸಂದುಗಳು ಇದ್ದೇ ಇರುತ್ತವೆ, ಅಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಬಿಸಿ ದಾಟಿಸುವ ಶಕ್ತಿಯನ್ನು ಅಳೆದರೆ (ವ್ಯಾಟ್/ಮೀಟರ್-ಕೆಲ್ವಿನ್ ಲೆಕ್ಕದಲ್ಲಿ) ಗಾಳಿಗೆ ಸುಮಾರು 0.026, ತಾಮ್ರಕ್ಕೆ ಸುಮಾರು 400. ಈ ಪೇಸ್ಟ್‌ಗೆ ಕಂಪನಿ ಕೊಟ್ಟಿದ್ದ ಅಂಕಿ 8.5. ಅಂದರೆ ಗಾಳಿಗಿಂತ ಎಷ್ಟೋ ವಾಸಿ, ಲೋಹದ ಮುಂದೆ ಏನೂ ಅಲ್ಲ. ಹಾಗಾಗಿ ದಪ್ಪಗೆ ಮೆತ್ತಿದರೆ ನಷ್ಟವೇ. ಸಂದು ತುಂಬುವಷ್ಟು ಇರಬೇಕು, ಅಷ್ಟೇ. ಕನ್ಸೋಲ್‌ನ ಚಿಪ್‌ಗೆ ಮೇಲೆ ಲೋಹದ ಮುಚ್ಚಳ ಇಲ್ಲದಿದ್ದರೆ ಒಂದು ಮೂಲೆಯೂ ಬಿಡದಂತೆ ತೆಳ್ಳಗೆ ಸವರಬೇಕು. ಎಂಎಕ್ಸ್-4 ಇದಕ್ಕೆ ಹೇಳಿ ಮಾಡಿಸಿದಂತಿದೆ. ಹದವಾಗಿ ಹರಡುತ್ತದೆ, ದಾರದಂತೆ ಎಳೆಯುವುದಿಲ್ಲ. ಕರೆಂಟ್ ಹರಿಸುವುದಿಲ್ಲ, ಆದ್ದರಿಂದ ಪಕ್ಕದಲ್ಲಿ ಚೂರು ತಾಗಿದರೂ ಶಾರ್ಟ್ ಆಗುವ ಭಯವಿಲ್ಲ. ಮೊದಲ ಸಲ ಮಾಡುವವರಿಗೆ ಇದು ದೊಡ್ಡ ನೆಮ್ಮದಿ, ಅಲ್ವಾ?

ಹಳೇ ಪೇಸ್ಟ್ ತೆಗೆಯಲು ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ನೂಲು ಬಿಡದ ಬಟ್ಟೆ ಸಾಕು. ಮೆಮೊರಿ ಚಿಪ್‌ಗಳ ಮೇಲಿನ ಮೆತ್ತನೆಯ ಥರ್ಮಲ್ ಪ್ಯಾಡ್‌ಗಳನ್ನು ಮಾತ್ರ ಕಿತ್ತು ಆ ಜಾಗಕ್ಕೆ ಪೇಸ್ಟ್ ಹಚ್ಚಬೇಡಿ. ಅಲ್ಲಿನ ಸಂದು ದೊಡ್ಡದು, ಪೇಸ್ಟ್ ತುಂಬುವುದಿಲ್ಲ. ಪ್ಯಾಡ್ ಹರಿದಿದ್ದರೆ ಅಷ್ಟೇ ದಪ್ಪದ್ದನ್ನೇ ಹಾಕಬೇಕು. ಫ್ಯಾನ್‌ಗೆ ಗಾಳಿ ಊದುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಸುಮ್ನೆ ಗಿರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗಬಹುದು. ಪವರ್ ಸಪ್ಲೈ ಡಬ್ಬಿಯನ್ನಂತೂ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ.

ಪೂರ್ತಿ ಶ್ರೇಯಸ್ಸು ಪೇಸ್ಟ್‌ಗೇ ಕೊಡಲಾರೆ. ಧೂಳು ತೆಗೆದದ್ದೂ, ಕನ್ಸೋಲನ್ನು ಟಿವಿ ಸ್ಟ್ಯಾಂಡ್‌ನ ಮುಚ್ಚಿದ ಖಾನೆಯಿಂದ ಹೊರಗಿಟ್ಟದ್ದೂ ಸೇರಿ ಈ ಫಲ ಬಂದಿದೆ. ಮುಚ್ಚಿದ ಖಾನೆಯಲ್ಲಿ ಹೊರಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಒಳಗೆಳೆಯುತ್ತದೆ. ಈಗ ಹಿಂದೆ ಒಂದು ಗೇಣು ಜಾಗ ಬಿಟ್ಟಿದ್ದೇನೆ. ಕನ್ಸೋಲ್‌ನ ಗಾಳಿಯಾಡುವ ಸಂದುಗಳ ಧೂಳನ್ನು ಬ್ರಷ್‌ನಿಂದ ಆಗಾಗ ತೆಗೆಯುತ್ತೇನೆ.

ವಾರಂಟಿ ಮುಗಿದ ಹಳೇ ಕನ್ಸೋಲ್ ಇದ್ದವರಿಗೆ ಈ ಪೇಸ್ಟನ್ನು ಧೈರ್ಯವಾಗಿ ಹೇಳುತ್ತೇನೆ. ಆದರೆ 2020ರಲ್ಲಿ ಬಂದ ಪ್ಲೇಸ್ಟೇಷನ್ 5 ಇದ್ದವರು ಈ ಕೆಲಸಕ್ಕೆ ಕೈ ಹಾಕಬೇಡಿ. ಅದರಲ್ಲಿ ಪೇಸ್ಟ್ ಬದಲು ದ್ರವ ಲೋಹ ಇದೆ. ಅದು ಕರೆಂಟ್ ಹರಿಸುತ್ತದೆ, ಒಂದು ಹನಿ ಬೋರ್ಡ್ ಮೇಲೆ ಜಾರಿದರೂ ಕನ್ಸೋಲ್ ಹೋಯಿತು. ಅದರ ಪಕ್ಕದ ಬಿಳಿ ಫಲಕ ತೆಗೆದರೆ ಧೂಳು ಸೇರುವ ತೂತುಗಳು ಕಾಣುತ್ತವೆ. ಅಲ್ಲಿಂದ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಧೂಳು ಎಳೆದುಕೊಂಡರೆ ಸಾಕು.