ಸ್ಟೀಲ್ ಸ್ಕೂಬಾ ಸಿಲಿಂಡರಿಗೆ ಎಪಾಕ್ಸಿ ಜಿಂಕ್ ಪ್ರೈಮರ್: ಸಕಲೇಶಪುರದ ಹಲವು ಮಳೆಗಾಲಗಳ ಅನುಭವ

ಕರಾವಳಿಗೆ ಹೋಗಿ ಡೈವಿಂಗ್ ಮಾಡಿ, ಸಾಮಾನುಗಳನ್ನು ಮಲೆನಾಡಿನ ಮನೆಯಲ್ಲಿ ಇಟ್ಟುಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎರಡು ಡಬ್ಬಿಗಳಲ್ಲಿ ಬರುವ ಎಪಾಕ್ಸಿ ಜಿಂಕ್ ಪ್ರೈಮರನ್ನು (ತುಕ್ಕು ತಡೆಯಲು ಬಣ್ಣಕ್ಕಿಂತ ಮೊದಲು ಹಚ್ಚುವ, ಸತುವಿನ ಪುಡಿಯಿರುವ ಲೇಪ) ನೀರಿನಡಿ ಉಸಿರಾಡಲು ಗಾಳಿ ತುಂಬಿಕೊಳ್ಳುವ ನನ್ನ 12 ಲೀಟರ್ ಸ್ಟೀಲ್ ಸಿಲಿಂಡರುಗಳಿಗೆ ಹಚ್ಚಿದ ಮೇಲೆ ಹಲವು ಮಳೆಗಾಲಗಳು ಕಳೆದಿವೆ. ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಈ ಪ್ರೈಮರ್ ಕೆಲವು ಷರತ್ತುಗಳನ್ನು ಹಾಕುತ್ತದೆ. ಅವನ್ನು ಪಾಲಿಸದವರ ಕೈಯಲ್ಲಿ ಇದು ಬರಿಯ ಬೂದು ಬಣ್ಣವಷ್ಟೆ.

ಬಾಡಿಗೆಗೆ ಅಲ್ಯೂಮಿನಿಯಂ ಸಿಲಿಂಡರ್ ಸಿಗುವಾಗ ಸ್ಟೀಲ್ ಏಕೆ ಎಂದು ಕೇಳುವವರಿದ್ದಾರೆ. ಅಲ್ಯೂಮಿನಿಯಂ ಸಿಲಿಂಡರ್ ಗಾಳಿ ಮುಗಿಯುತ್ತಾ ಬಂದಂತೆ ಹಗುರಾಗಿ ನೀರಿನಲ್ಲಿ ಮೇಲಕ್ಕೆ ಎಳೆಯುತ್ತದೆ, ಅದನ್ನು ಸರಿದೂಗಿಸಲು ಸೊಂಟಕ್ಕೆ ಹೆಚ್ಚು ಸೀಸ ಕಟ್ಟಿಕೊಳ್ಳಬೇಕು. ಸ್ಟೀಲಿನಲ್ಲಿ ಆ ತೊಂದರೆ ಬಹಳ ಕಡಿಮೆ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಬಂಡೆಗಳ ಬಳಿ ಒಂದೇ ಆಳದಲ್ಲಿ ನಿಶ್ಚಲವಾಗಿ ನಿಂತು ಮೀನುಗಳನ್ನು ನೋಡಬೇಕೆನ್ನುವವನಿಗೆ ಇದು ಸಣ್ಣ ಸಂಗತಿಯಲ್ಲ. ಚೆನ್ನಾಗಿ ನೋಡಿಕೊಂಡರೆ ಸ್ಟೀಲ್ ಸಿಲಿಂಡರ್ ದಶಕಗಳ ಕಾಲ ಬಾಳುತ್ತದೆ. ತುಕ್ಕೊಂದೇ ಅದರ ಶತ್ರು.

ಸಮುದ್ರದ ಉಪ್ಪು ತುಕ್ಕಿಗೆ ಬೀಜ ಹಾಕುತ್ತದೆ, ನಿಜ. ನಮ್ಮ ಕಡೆ ಅದು ಬೆಳೆಯುವುದು ಮಾತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮನೆಯೊಳಗೇ. ಮುಂಗಾರಿನಲ್ಲಿ ಮುರುಡೇಶ್ವರದಿಂದ ನೇತ್ರಾಣಿಗೆ ದೋಣಿಗಳು ಹೋಗುವುದಿಲ್ಲ, ಸಿಲಿಂಡರ್ ಮೂಲೆ ಸೇರುತ್ತದೆ. ಚಪ್ಪಲಿಗೂ ಬೆಲ್ಟಿಗೂ ಬೂಸ್ಟು ಹಿಡಿಯುವ ಆ ತಿಂಗಳುಗಳಲ್ಲಿ ಕಬ್ಬಿಣದ ಮೇಲೆ ಉಳಿದ ಉಪ್ಪಿನ ಕಣ ಗಾಳಿಯ ತೇವವನ್ನು ಹೀರಿ ಸದಾ ಒದ್ದೆಯಾಗಿರುತ್ತದೆ. ಎಲ್ಲಕ್ಕಿಂತ ಕೆಟ್ಟ ಜಾಗ ತಳದ ಪ್ಲಾಸ್ಟಿಕ್ ಬೂಟು. ಸ್ಟೀಲ್ ಸಿಲಿಂಡರಿನ ತಳ ಗುಂಡಗಿರುವುದರಿಂದ ನಿಲ್ಲಿಸಲು ಬೂಟು ಬೇಕು, ಆದರೆ ಅದರೊಳಗೆ ಸೇರಿದ ನೀರು ಆರುವುದೇ ಇಲ್ಲ. ನನ್ನ ಸಿಲಿಂಡರಿನ ಬೂಟನ್ನು ಕಳಚಿದಾಗ, ಅದರ ಅಂಚು ಕೂರುವ ಜಾಗದಲ್ಲಿ ಸುತ್ತಲೂ ಬೆರಳಗಲದ ಕಂದು ಪಟ್ಟಿ ಕಂಡಿತು. ಉಗುರಿನಿಂದ ಗೀರಿದರೆ ಪದರ ಪದರವಾಗಿ ಏಳುತ್ತಿತ್ತು.

ಈ ಸಿಲಿಂಡರುಗಳನ್ನು ನಾನು ಕೊಂಡದ್ದು ಬೇರೊಬ್ಬರಿಂದ. ಒಂದಕ್ಕೆ ಹಿಂದಿನವರು ಜಿಂಕ್ ಪ್ರೈಮರ್ ಹಚ್ಚಿ, ಅದರ ಮೇಲೆ ಗೇಟು, ಕಿಟಕಿ ಸರಳುಗಳಿಗೆ ಬಳಿಯುವ ಮಾಮೂಲಿ ಸಿಂಥೆಟಿಕ್ ಎನಾಮಲ್ ಬಳಿದಿದ್ದರು. ಅದು ಹಾಳೆ ಹಾಳೆಯಾಗಿ ಕಿತ್ತು ಬರುತ್ತಿತ್ತು. ಬಣ್ಣದ ಅಂಗಡಿಯವರಲ್ಲಿ ಎಷ್ಟು ಮಂದಿ ಇದನ್ನು ಹೇಳುತ್ತಾರೋ ತಿಳಿಯದು, ಆದರೆ ಹೇಳಲೇಬೇಕು: ಎನಾಮಲಿನಲ್ಲಿರುವ ಎಣ್ಣೆಯಂಶ, ಸತುವಿನ ಮೇಲೆ ತೇವದಿಂದ ಉಂಟಾಗುವ ಕ್ಷಾರದೊಂದಿಗೆ ಸೇರಿ ಸಾಬೂನಾಗುತ್ತದೆ. ಆ ಸಾಬೂನಿನ ಪದರದ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಜಿಂಕ್ ಪ್ರೈಮರಿನ ಮೇಲೆ ಮೊದಲು ಎಪಾಕ್ಸಿ ಬಣ್ಣ, ಅದರ ಮೇಲೆ ಬಿಸಿಲು ತಡೆಯುವ ಪಾಲಿಯುರೆಥೇನ್ ಬಣ್ಣ ಬರಬೇಕು. ಎಪಾಕ್ಸಿಯನ್ನು ಹಾಗೇ ಬಿಸಿಲಿಗೆ ಬಿಟ್ಟರೆ ಮೇಲ್ಮೈ ಸುಣ್ಣದ ಪುಡಿಯಂತಾಗುತ್ತದೆ.

ನಾನು ಈ ಕೆಲಸಕ್ಕೆ ಇಳಿದದ್ದು ಫೆಬ್ರುವರಿಯಲ್ಲಿ. ಗಾಳಿಯ ತೇವ ಶೇ 85ಕ್ಕಿಂತ ಕಡಿಮೆಯಿರಬೇಕು, ಲೋಹದ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಜುಲೈನಲ್ಲಿ ಇಲ್ಲಿ ಇವೆರಡೂ ಕನಸಿನ ಮಾತು. ಗಾಳಿಯನ್ನು ಪೂರ್ತಿ ಖಾಲಿ ಮಾಡಿ, ವಾಲ್ವ್ ತೆಗೆಸಿ, ಬಾಯಿಗೆ ಬಿಗಿಯಾಗಿ ಮುಚ್ಚಳ ಹಾಕಿ, ಮೊದಲು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದೆ. ಉಪ್ಪು ಉಳಿದಿರುವಾಗ ಉಜ್ಜಿದರೆ ಅದನ್ನು ಲೋಹದ ಗುಂಡಿಗಳೊಳಗೆ ಇನ್ನಷ್ಟು ತುರುಕಿದಂತೆ. ನಂತರ ತಂತಿ ಬ್ರಷ್, ಎಮರಿ ಪೇಪರ್. ಗ್ರೈಂಡರನ್ನು ಹತ್ತಿರಕ್ಕೂ ತರಲಿಲ್ಲ, ಏಕೆಂದರೆ ಅದು ತುಕ್ಕಿನ ಜೊತೆಗೆ ಸಿಲಿಂಡರಿನ ಗೋಡೆಯನ್ನೂ ತಿನ್ನುತ್ತದೆ. ಒಳಗೆ 200 ಬಾರ್‌ಗೂ ಮೀರಿದ ಒತ್ತಡ ತುಂಬುವ ವಸ್ತುವಿನ ಗೋಡೆಯನ್ನು ತೆಳ್ಳಗೆ ಮಾಡುವುದು ಜೀವದ ಜೊತೆ ಆಟವಾಡಿದಂತೆ. ತುಕ್ಕಿನ ಗುಂಡಿಗಳಿಗೆ ಪುಟ್ಟಿ ತುಂಬುವುದೂ ಅಷ್ಟೇ ಅಪಾಯಕಾರಿ. ಗುಂಡಿ ಎಷ್ಟು ಆಳವಾಗಿದೆ ಎಂದು ಅಳೆದು ತೀರ್ಪು ಕೊಡಬೇಕಾದವರು ಪರೀಕ್ಷಾ ಕೇಂದ್ರದವರು. ಆದ್ದರಿಂದ ಬರಿಯ ಲೋಹ ಕಾಣುತ್ತಿರುವಾಗಲೇ, ಹೊಸ ಬಣ್ಣಕ್ಕೆ ಮುನ್ನವೇ, ಮಾನ್ಯತೆ ಪಡೆದ ಕೇಂದ್ರದಲ್ಲಿ ಜಲ ಒತ್ತಡ ಪರೀಕ್ಷೆ (ನೀರು ತುಂಬಿ ಒತ್ತಡ ಹಾಕಿ ನೋಡುವುದು) ಮಾಡಿಸಿದೆ. ನಮ್ಮಲ್ಲಿ ಇದು 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ವ್ಯಾಪ್ತಿಗೆ ಬರುತ್ತದೆ, ಉಸ್ತುವಾರಿ ನಾಗಪುರದಲ್ಲಿ ಪ್ರಧಾನ ಕಚೇರಿ ಇರುವ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ) ಎಂಬ ಕೇಂದ್ರ ಸರ್ಕಾರಿ ಸಂಸ್ಥೆಯದು.

ಪ್ರೈಮರಿನ ವಿಷಯ. ಇದರಲ್ಲಿರುವ ಸತುವಿನ ಪುಡಿ ಕಬ್ಬಿಣಕ್ಕೆ ನೇರವಾಗಿ ತಾಗಿದರೆ ಮಾತ್ರ ಕೆಲಸ ಮಾಡುತ್ತದೆ: ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಹಳೆಯ ಬಣ್ಣದ ಮೇಲಾಗಲಿ, ತುಕ್ಕಿನ ಮೇಲಾಗಲಿ, ತುಕ್ಕನ್ನು ಕಪ್ಪಾಗಿಸುವ ದ್ರಾವಣ ಬಳಿದ ಮೇಲಾಗಲಿ ಹಚ್ಚಿದರೆ ಆ ಸಂಪರ್ಕ ತಪ್ಪಿಹೋಗುತ್ತದೆ. ಸತು ಭಾರವಾದ್ದರಿಂದ ಡಬ್ಬಿಯ ತಳಕ್ಕೆ ಗಟ್ಟಿಯಾಗಿ ಇಳಿದಿರುತ್ತದೆ; ಹಚ್ಚುತ್ತಿರುವಾಗಲೂ ಆಗಾಗ ಕಲಕುತ್ತಲೇ ಇರಬೇಕು. ಹೆಗಲಿನ ಮೇಲಿನ ಅಚ್ಚು ಅಕ್ಷರಗಳಲ್ಲಿ ಬಣ್ಣ ತುಂಬಿಕೊಳ್ಳದಂತೆ ತೆಳ್ಳಗೆ ಹಚ್ಚಿದೆ. ತಯಾರಿಕೆಯ ವಿವರ, ಪರೀಕ್ಷೆಯ ದಿನಾಂಕ ಓದಲಾಗದ ಸಿಲಿಂಡರಿಗೆ ಯಾರೂ ಗಾಳಿ ತುಂಬಬಾರದು.

ಫಲಿತಾಂಶಕ್ಕೆ ಒಂದು ಗೀರೇ ಸಾಕ್ಷಿ. ದೋಣಿಯ ಕಬ್ಬಿಣದ ಚೌಕಟ್ಟಿಗೆ ಉಜ್ಜಿ ಒಂದು ಸಿಲಿಂಡರಿನ ಪಕ್ಕದಲ್ಲಿ ಲೋಹ ಕಾಣುವಷ್ಟು ಆಳದ ಗೀರು ಬಿತ್ತು. ಅದು ಹಾಗೆಯೇ ಒಂದು ಮಳೆಗಾಲ ಕಳೆಯಿತು. ಅಕ್ಟೋಬರಿನಲ್ಲಿ ನೋಡಿದರೆ ಗೀರಿನ ಅಂಚಿನಲ್ಲಿ ಬಿಳಿ ಪುಡಿ ಕೂತಿತ್ತು, ಕೆಂಪು ಎಲ್ಲಿಯೂ ಇರಲಿಲ್ಲ. ಆ ಬಿಳಿ ಪುಡಿ ಸತು ಸವೆದದ್ದರ ಗುರುತು. ಒರೆಸಿ, ಉಜ್ಜಿ, ಅಷ್ಟು ಜಾಗಕ್ಕೆ ಮತ್ತೆ ಹಚ್ಚಿದೆ, ಮುಗಿಯಿತು. ಬೂಟಿನ ಅಂಚಿನಲ್ಲೂ ಈವರೆಗೆ ತುಕ್ಕಿಲ್ಲ. ಹಾಗೆಂದು ಅದರ ಶ್ರೇಯವನ್ನೆಲ್ಲ ಪ್ರೈಮರಿಗೆ ಕೊಡಲಾರೆ. ನೀರು ಹರಿದುಹೋಗುವಂತೆ ಒಳಗೆ ಏಣುಗಳಿರುವ ಬೂಟು ಹಾಕಿದ್ದೇನೆ, ಮಳೆಗಾಲದಲ್ಲಿ ಅದನ್ನೂ ಕಳಚಿಡುತ್ತೇನೆ.

ಪೌಡರ್ ಕೋಟಿಂಗ್ (ಬಣ್ಣದ ಪುಡಿ ಸಿಂಪಡಿಸಿ ಒಲೆಯಲ್ಲಿ ಕಾಯಿಸುವ ಲೇಪನ) ಮಾಡಿಕೊಡುತ್ತೇವೆ ಎಂದು ಒಂದು ವರ್ಕ್‌ಶಾಪಿನವರು ಬಹಳ ಒತ್ತಾಯಿಸಿದರು. ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಶಾಖ ಸಂಸ್ಕರಣೆಯಿಂದ ಬಲ ಪಡೆದ ಲೋಹವನ್ನು ಒಲೆಯಲ್ಲಿ ಬೇಯಿಸಲು ತಯಾರಕರ ಒಪ್ಪಿಗೆ ಬೇಕು. ಅಲ್ಯೂಮಿನಿಯಂ ಸಿಲಿಂಡರಿಗಂತೂ ಅದನ್ನು ಯೋಚಿಸಲೇಬಾರದು. ಆಮ್ಲದಲ್ಲಿ ಅದ್ದಿ ಮತ್ತೆ ಗ್ಯಾಲ್ವನೈಸ್ (ಕರಗಿದ ಸತುವಿನ ಲೇಪನ) ಮಾಡಿಸುವ ಸಲಹೆಯನ್ನೂ ಬಿಟ್ಟುಬಿಡಿ. ಬಲವಾದ ಸ್ಟೀಲ್ ಆಮ್ಲದಿಂದ ಹೈಡ್ರೋಜನ್ ಹೀರಿಕೊಂಡು ಪೆಡಸಾಗಿ ಬಿರುಕು ಬಿಡಬಹುದು.

ಸಿಲಿಂಡರಿನ ಒಳಮೈಗೆ ಈ ಪ್ರೈಮರನ್ನಾಗಲಿ ಬೇರೆ ಯಾವುದನ್ನಾಗಲಿ ಹಚ್ಚಬೇಡಿ. ಅಲ್ಲಿಯ ರಕ್ಷಣೆ ಒಣ ಗಾಳಿ ಮಾತ್ರ. ಸಮುದ್ರದಲ್ಲಿ ಸಿಲಿಂಡರನ್ನು ಸೊನ್ನೆಗೆ ಇಳಿಸದೆ ಸ್ವಲ್ಪ ಒತ್ತಡ ಉಳಿಸಿ ತಂದರೆ ನೀರು ಒಳಗೆ ಹೋಗುವುದಿಲ್ಲ. ಒಳಗಿನ ತುಕ್ಕು ಲೋಹವನ್ನು ತಿನ್ನುವುದಷ್ಟೇ ಅಲ್ಲ, ಗಾಳಿಯಲ್ಲಿರುವ ಆಮ್ಲಜನಕವನ್ನೂ ತಿನ್ನುತ್ತದೆ. ತಿಂಗಳುಗಟ್ಟಲೆ ತುಂಬಿಟ್ಟ, ಒಳಗೆ ನೀರಿರುವ ಸಿಲಿಂಡರಿನ ಗಾಳಿ ಉಸಿರಾಡಿದವನ ಪ್ರಜ್ಞೆಯನ್ನೇ ತಪ್ಪಿಸಬಲ್ಲದು. ಅದಕ್ಕೇ ಪ್ರತಿ ವರ್ಷ ವಾಲ್ವ್ ತೆಗೆಸಿ ದೀಪ ಬಿಟ್ಟು ಒಳಗೆ ನೋಡಿಸುತ್ತೇನೆ.

ಪ್ರೈಮರಿನ ಮೇಲೆ ನನ್ನ ದೂರು ಒಂದೇ. ಎರಡು ಡಬ್ಬಿಗಳನ್ನು ಬೆರೆಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುತ್ತದೆ, ಅಂಗಡಿಯಲ್ಲಿ ಸಿಗುವ ಅತಿ ಚಿಕ್ಕ ಪ್ಯಾಕೂ ಒಂದೆರಡು ಸಿಲಿಂಡರಿಗೆ ಬಹಳ ಹೆಚ್ಚು. ನಾಲ್ಕೈದು ಮಂದಿ ಸೇರಿ ಒಂದೇ ದಿನ ಹಚ್ಚಿದರೆ ಲಾಭ. ಇಲ್ಲವೆಂದರೆ ಬೇಕಾದಷ್ಟನ್ನು ಮಾತ್ರ ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ ತೂಗಿ ಬೆರೆಸಿ, ಉಳಿದದ್ದನ್ನು ಬಿಗಿಯಾಗಿ ಮುಚ್ಚಿಡಿ.