ಡಿಟಿಎಫ್ ಪ್ರಿಂಟಿಗೆ ಯಾವ ಬಟ್ಟೆ? ಕಾಟನ್, ಡ್ರೈ-ಫಿಟ್, ಪಿಸಿ ಮ್ಯಾಟಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು 180 ಜಿಎಸ್‌ಎಂ (ಚದರ ಮೀಟರಿಗೆ 180 ಗ್ರಾಂ ತೂಗುವ) ಬಯೋ-ವಾಶ್ ಕಾಟನ್‌ಗೆ. ಸಿಂಗಲ್ ಜರ್ಸಿ (ಟಿ-ಶರ್ಟಿನ ಸಾದಾ ಹೆಣಿಗೆ), ಕೋಂಬ್ಡ್ (ಬಾಚಿ ಸಣ್ಣ ಎಳೆ ತೆಗೆದ) ನೂಲು, ತಿರುಪ್ಪೂರಿನಿಂದ ಬರುವ ಮಾಮೂಲಿ ಮಾಲು. ಡಿಟಿಎಫ್ ಅಂದರೆ ಡಿಸೈನನ್ನು ಫಿಲ್ಮಿನ ಮೇಲೆ ಪ್ರಿಂಟ್ ಮಾಡಿ, ಅಂಟಿನ ಪೌಡರ್ ಹಾಕಿ, ಹೀಟ್ ಪ್ರೆಸ್ಸಿನಲ್ಲಿ ಒತ್ತಿ ಬಟ್ಟೆಗೆ ಇಳಿಸುವುದು. ಈ ಫಿಲ್ಮ್ ಮಾರುವವರು ‘ಯಾವ ಬಟ್ಟೆಗಾದರೂ ಅಂಟುತ್ತೆ ಸಾರ್’ ಅಂತಾರೆ. ಅಂಟುವುದೇನೋ ನಿಜ. ಪೌಡರ್ ಸರಿಯಾಗಿ ಕರಗಿದರೆ ಕಾಟನ್, ಪಾಲಿಯೆಸ್ಟರ್, ಡೆನಿಮ್, ಕ್ಯಾನ್ವಾಸ್ ಚೀಲ ಎಲ್ಲಕ್ಕೂ ಅಂಟುತ್ತದೆ. ಅಂಟಿದ ಮೇಲೆ ಕೆಳಗಿನ ಬಟ್ಟೆ ಆ ಪ್ರಿಂಟನ್ನು ಏನು ಮಾಡುತ್ತದೆ ಅನ್ನುವುದನ್ನು ಮಾತ್ರ ಅವರು ಹೇಳುವುದಿಲ್ಲ.

ಎಲ್ಲಕ್ಕಿಂತ ತಲೆನೋವು ಕೊಡುವುದು ಕೆಂಪು ಡ್ರೈ-ಫಿಟ್, ಅಂದರೆ ಆಟದ ಟಿ-ಶರ್ಟಿನ ಪಾಲಿಯೆಸ್ಟರ್ ಬಟ್ಟೆ. ಅಕ್ಟೋಬರ್ ಬಂತೆಂದರೆ ರಾಜ್ಯೋತ್ಸವದ ಟಿ-ಶರ್ಟ್ ಆರ್ಡರ್ ಶುರು. ಬಣ್ಣ ಎರಡೇ, ಹಳದಿ ಇಲ್ಲವೇ ಕೆಂಪು. ಬಜೆಟ್ ಬಿಗಿಯಾಗಿರುವ ಸಂಘದವರು ಕಾಟನ್ ದರ ಕೇಳಿದ ಕೂಡಲೇ ಡ್ರೈ-ಫಿಟ್ಟಿಗೆ ಇಳಿಯುತ್ತಾರೆ. ಕೆಂಪು ಪಾಲಿಯೆಸ್ಟರ್ ಮೇಲೆ ಬಿಳಿ ಅಕ್ಷರ ಹಾಕಿ ಪ್ರೆಸ್ ಎತ್ತಿದಾಗ ಅಚ್ಚ ಬಿಳಿ. ಮಾರನೆಯ ದಿನ ಕಟ್ಟು ಬಿಚ್ಚಿದರೆ ಗುಲಾಬಿ. ಹಳದಿ ಅಕ್ಷರ ಹಾಕಿದ್ದರೆ ಕಿತ್ತಳೆ. ಇಂಕು ಸರಿಯಿಲ್ಲ, ಬಿಳಿ ಪದರ ತೆಳುವಾಯಿತು ಅಂತ ಪ್ರಿಂಟ್ ಮಾಡಿಕೊಟ್ಟವರ ಮೇಲೆ ಹರಿಹಾಯುವುದು ಸಾಮಾನ್ಯ. ಆದರೆ ಅದು ಇಂಕಿನ ದೋಷವಲ್ಲ.

ಪಾಲಿಯೆಸ್ಟರ್‌ಗೆ ಬಣ್ಣ ಕೊಡುವುದು ಡಿಸ್ಪರ್ಸ್ ಡೈಯಿಂದ. ಈ ಡೈಗೆ ಬಿಸಿ ತಾಗಿದರೆ ಆವಿಯಾಗಿ ಮೇಲೇಳುವ ಗುಣವಿದೆ. ಸಬ್ಲಿಮೇಶನ್‌ನಲ್ಲಿ (ಡೈಯನ್ನು ಆವಿ ಮಾಡಿ ಇಳಿಸುವ ಪ್ರಿಂಟಿಂಗ್) ಕಾಫಿ ಮಗ್, ಜೆರ್ಸಿ ಪ್ರಿಂಟ್ ಆಗುವುದೂ ಇದೇ ಗುಣದಿಂದಲೇ. ಅಲ್ಲಿ 190ರಿಂದ 200 ಡಿಗ್ರಿ ಕೊಟ್ಟು ಬೇಕಂತಲೇ ಎಬ್ಬಿಸುತ್ತೇವೆ. ಅಗ್ಗದ ಬಟ್ಟೆಯಲ್ಲಿ ಬಣ್ಣ ನೂಲಿನೊಳಗೆ ಸರಿಯಾಗಿ ಕೂತಿರುವುದಿಲ್ಲ, ಹೆಚ್ಚಿನ ಬಣ್ಣವನ್ನು ತೊಳೆದು ತೆಗೆದಿರುವುದೂ ಇಲ್ಲ. ಅದು ಡಿಟಿಎಫ್‌ನ 150 ಡಿಗ್ರಿಗೇ ಕದಲುತ್ತದೆ. ಮೇಲಿರುವ ಟಿಪಿಯು ಅಂಟು (ಕರಗಿದ ಪೌಡರ್) ಆ ಬಣ್ಣವನ್ನು ಹೀರಿಕೊಂಡು ಬಿಳಿ ಇಂಕಿನ ತನಕ ಸಾಗಿಸುತ್ತದೆ. ಒಮ್ಮೆ ಕದಲಿದ ಬಣ್ಣ ಪ್ರೆಸ್ ಆರಿದ ಕೂಡಲೇ ನಿಲ್ಲುವುದಿಲ್ಲ, ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ ಏರುತ್ತಲೇ ಇರುತ್ತದೆ. ಬಿಸಿ ಇರುವಾಗಲೇ ಒಂದರ ಮೇಲೊಂದು ಪೇರಿಸಿ ಪ್ಯಾಕ್ ಮಾಡಿದರಂತೂ ಇನ್ನೂ ಬೇಗ. ಅಂಗಡಿಯಲ್ಲಿ ಚೆನ್ನಾಗಿದ್ದದ್ದು ಗಿರಾಕಿ ಮನೆಯಲ್ಲಿ ಕೆಡುವುದು ಹೀಗೆ.

ಇದಕ್ಕೆ ಮದ್ದು ಇಲ್ಲವೆಂದಲ್ಲ. ಲೋ-ಟೆಂಪ್ ಪೌಡರ್ ಹಾಕಿದ ಫಿಲ್ಮ್ ತರಿಸಿದರೆ 120–130 ಡಿಗ್ರಿಯಲ್ಲಿ 10 ಸೆಕೆಂಡಿಗೆ ಅಂಟುತ್ತದೆ, ಬಣ್ಣ ಏರುವುದೂ ಕಡಿಮೆ. ಮಾಮೂಲಿ ಪೌಡರ್ ಇರುವ ಫಿಲ್ಮನ್ನೇ 130ಕ್ಕೆ ಒತ್ತಿ ಪಾರಾಗೋಣ ಎಂದರೆ ಅಂಟು ಅರೆಬರೆ ಕರಗಿ, ಎರಡು ಮೂರು ಒಗೆತಕ್ಕೆ ಅಂಚು ಏಳುತ್ತದೆ. ಕಪ್ಪು ಪೌಡರ್ ಇನ್ನೊಂದು ದಾರಿ. ಅದರಲ್ಲಿರುವ ಕಾರ್ಬನ್ ಬಣ್ಣವನ್ನು ತಡೆಯುತ್ತದೆ, ಕೆಲಸವೂ ಮಾಡುತ್ತದೆ. ಆದರೆ ಸಣ್ಣ ಅಕ್ಷರದ ಅಂಚಿನಲ್ಲಿ ಸಣ್ಣ ಕಪ್ಪು ಗೆರೆ ಇಣುಕುತ್ತದೆ, ಬಿಳಿಯೂ ಸ್ವಲ್ಪ ಮಂಕು. ಒತ್ತಕ್ಷರ, ದೀರ್ಘ, ಸೊನ್ನೆ ತುಂಬಿದ ಕನ್ನಡ ಸ್ಲೋಗನ್ನಿಗೆ ಈ ಗೆರೆ ಎದ್ದು ಕಾಣುತ್ತದೆ. ದಪ್ಪ ಅಕ್ಷರದ ಹೆಸರು, ನಂಬರ್ ಆದರೆ ಅಡ್ಡಿಯಿಲ್ಲ.

ಲಾಟ್ ಒಪ್ಪಿಕೊಳ್ಳುವ ಮೊದಲು ಪರೀಕ್ಷೆ ಮಾಡಿಕೊಳ್ಳಿ. ಬಿಳಿ ಬಣ್ಣ ಮಾತ್ರ ಇರುವ ಫಿಲ್ಮ್ ಚೂರನ್ನು ಒಂದು ಪೀಸಿನ ಕೆಳ ಅಂಚಿನ ಒಳಭಾಗಕ್ಕೆ ಒತ್ತಿ. ಅದೇ ಬಟ್ಟೆಯನ್ನು ಅದರ ಮೇಲೆ ಮಡಿಸಿ, ಅದೇ ಶಾಖದಲ್ಲಿ ಮತ್ತೆ 30 ಸೆಕೆಂಡ್ ಒತ್ತಿ, ಎರಡು ದಿನ ಹಾಗೇ ಬಿಡಿ. ಪಕ್ಕದಲ್ಲಿ ಬಿಳಿ ಹಾಳೆ ಇಟ್ಟು ಹಗಲು ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟಿನಡಿ ತಿಳಿ ಗುಲಾಬಿ ಗೊತ್ತೇ ಆಗುವುದಿಲ್ಲ. ಹೋದ ಸಲದ ಕೆಂಪು ಪಾಸಾಗಿತ್ತು ಅಂತ ಈ ಸಲದ್ದನ್ನು ನಂಬಬೇಡಿ, ಡೈ ಲಾಟ್ ಬದಲಾದರೆ ಕಥೆಯೂ ಬದಲು. ಮೆರೂನ್, ನೇವಿ, ಕಪ್ಪು ಇವಕ್ಕೂ ಇದೇ ಪರೀಕ್ಷೆ. ಮೊದಲೇ ಸಬ್ಲಿಮೇಶನ್ ಆಗಿರುವ ಜೆರ್ಸಿ, ಮಿಲಿಟರಿ ಡಿಸೈನಿನ ಪಾಲಿಯೆಸ್ಟರ್ ಇವೆರಡನ್ನು ಮುಟ್ಟಲೇಬೇಡಿ.

ಡ್ರೈ-ಫಿಟ್ಟಿನ ಉಳಿದ ದೂರುಗಳು ಸಣ್ಣವು. ಪ್ರೆಸ್ಸಿನ ಅಂಚು ತಾಗಿದ ಕಡೆ ಚೌಕದ ಹೊಳಪು ಕಲೆ ಉಳಿಯುತ್ತದೆ. ಪ್ರೆಶರ್ ಇಳಿಸಿ, ಒಳಗೆ ಪಿಲ್ಲೋ (ಪ್ರೆಸ್ಸಿನ ಸ್ಪಂಜು ದಿಂಬು) ಇಟ್ಟರೆ ಕಡಿಮೆಯಾಗುತ್ತದೆ. ತೂತು ತೂತಿನ ಡಾಟ್ ನಿಟ್ ಮೇಲೆ ಎದೆಯಗಲ ಪ್ರಿಂಟ್ ಹಾಕಿದರೆ ಗಾಳಿಯಾಡುವ ತೂತುಗಳೆಲ್ಲ ಮುಚ್ಚಿಹೋಗುತ್ತವೆ. ಆಮೇಲೆ ಅದು ಹೆಸರಿಗಷ್ಟೇ ಡ್ರೈ-ಫಿಟ್.

ಇನ್ನು ಕಾಟನ್. ಇದಕ್ಕೆ ಹಾಕುವ ರಿಯಾಕ್ಟಿವ್ ಡೈ ನೂಲಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಂಡಿರುತ್ತದೆ, ಪ್ರೆಸ್ಸಿನ ಬಿಸಿಗೆ ಆವಿಯಾಗಿ ಏಳುವುದಿಲ್ಲ. ಕೆಂಪು ಕಾಟನ್ ಮೇಲಿನ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ. 155–160 ಡಿಗ್ರಿ, 12–15 ಸೆಕೆಂಡ್, ಫಿಲ್ಮ್ ಕೋಲ್ಡ್ ಪೀಲ್ (ಆರಿದ ಮೇಲೆ ಸುಲಿಯುವಂಥದ್ದು) ಆದರೆ ಪೂರ್ತಿ ಆರುವವರೆಗೆ ತಾಳ್ಮೆ, ಆಮೇಲೆ ಬಟರ್ ಪೇಪರ್ ಇಟ್ಟು ಇನ್ನೊಂದು 8–10 ಸೆಕೆಂಡ್. ಈ ಎರಡನೇ ಒತ್ತು ತಪ್ಪಿಸಬೇಡಿ, ಅಂಟು ನೂಲಿನೊಳಗೆ ಇಳಿಯುವುದೂ ಪ್ಲಾಸ್ಟಿಕ್ ಹೊಳಪು ಹೋಗುವುದೂ ಅದರಲ್ಲೇ.

ಕಾಟನ್ನಿನ ತಾಪತ್ರಯ ತೇವ. ಪಾಲಿಯೆಸ್ಟರ್ ಗಾಳಿಯಿಂದ ಹಿಡಿದಿಟ್ಟುಕೊಳ್ಳುವ ತೇವ ಅದರ ತೂಕದ ಶೇ 0.4ರಷ್ಟು, ಕಾಟನ್ನಿನದು ಶೇ 8ಕ್ಕೂ ಮೇಲೆ. ಒತ್ತುವಾಗ ಆ ನೀರು ಆವಿಯಾಗಿ ಫಿಲ್ಮಿನಡಿ ಗುಳ್ಳೆ ಎಬ್ಬಿಸುತ್ತದೆ. ಖಾಲಿ ಬಟ್ಟೆಯನ್ನು 5 ಸೆಕೆಂಡ್ ಒತ್ತಿ, ಪ್ರೆಸ್ ಎತ್ತಿ, ಹಬೆ ಹೋಗಲು ಬಿಟ್ಟು ಫಿಲ್ಮ್ ಇಡಬೇಕು. ಮಂಗಳೂರು, ಉಡುಪಿ ಕಡೆ ಅಥವಾ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ 5 ಸಾಲದು, 10 ಕೊಡಿ.

ಇನ್ನೊಂದು ಗುಟ್ಟು ಸಿಲಿಕೋನ್ ಸಾಫ್ಟ್ನರ್. ಕೈಗೆ ಜಾರುವಷ್ಟು ನಯವಾಗಿದ್ದರೆ ಗಿರಾಕಿಗೆ ಖುಷಿ, ಅಂಟಿಗೆ ಅಲ್ಲ. ಒಂದು ಹನಿ ನೀರು ಬಿಟ್ಟು ನೋಡಿ. ತಕ್ಷಣ ಹೀರಿಕೊಂಡರೆ ಸರಿ, ಮುತ್ತಿನಂತೆ ನಿಂತರೆ ಅನುಮಾನ. ಬಯೋ-ವಾಶ್ ಬೇರೆ. ಅದು ಎಂಜೈಮ್‌ನಿಂದ ಮೇಲಿನ ಜುಂಗು ತೆಗೆಯುವ ಕೆಲಸ, ಮೈ ನುಣುಪಾಗಿ ಪ್ರಿಂಟ್ ಚೊಕ್ಕವಾಗಿ ಕೂರುತ್ತದೆ. ಸಪ್ಲೈಯರ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಬಿಡಿಸಿ ಕೇಳಿ. ಬಟ್ಟೆ ಕುಗ್ಗಿದರೂ ಪ್ರಿಂಟ್ ಕುಗ್ಗುವುದಿಲ್ಲ, ಸುತ್ತ ಅಲೆ ಅಲೆಯಾಗಿ ಮುದುಡುತ್ತದೆ. ಆದ್ದರಿಂದ ಪ್ರೀ-ಶ್ರಿಂಕ್ ಮಾಲೇ ಬೇಕು.

180ಕ್ಕಿಂತ ಕೆಳಗಿಳಿದು 140 ಜಿಎಸ್‌ಎಂ ತಂದರೆ ದುಡ್ಡು ಉಳಿಯುತ್ತದೆ, ಆದರೆ ಎ3 ಅಳತೆಯ ಪ್ರಿಂಟ್ ಎದೆಗೆ ರಟ್ಟು ಕಟ್ಟಿದ ಹಾಗೆ ನಿಲ್ಲುತ್ತದೆ. 240ರ ಟೆರಿ (ಒಳಮೈಯಲ್ಲಿ ಕುಣಿಕೆಯಿರುವ ದಪ್ಪ ಹೆಣಿಗೆ) ಚೆನ್ನ, ಓವರ್‌ಸೈಜ್ ಕೇಳುವ ಕಾಲೇಜು ಹುಡುಗರಿಗೆ. ದರ ಮಾತ್ರ ಆ ಮಟ್ಟದ್ದೇ.

ಪಿಸಿ ಮ್ಯಾಟಿ, ಅಂದರೆ ಪಾಲಿಯೆಸ್ಟರ್-ಕಾಟನ್ ಬೆರಕೆಯ, ಕಂಪನಿ ಸಮವಸ್ತ್ರದ ಕಾಲರ್ ಟಿ-ಶರ್ಟಿನ ಬಟ್ಟೆ. ಪಾಲಿಯೆಸ್ಟರ್ ಪಾಲು ಇರುವುದರಿಂದ ಗಾಢ ಬಣ್ಣದಲ್ಲಿ ಬಣ್ಣ ಏರುವ ಭಯ ಇದ್ದೇ ಇದೆ, ಡ್ರೈ-ಫಿಟ್ಟಿನಷ್ಟು ಅಲ್ಲ. 145–150 ಡಿಗ್ರಿ ಸಾಕು. ಇದರ ನಿಜವಾದ ತೊಡಕು ಮೇಲ್ಮೈ. ಹೆಣಿಗೆ ಉಬ್ಬುತಗ್ಗು, ಅಂಟು ಉಬ್ಬಿಗೆ ಮಾತ್ರ ಹಿಡಿಯುತ್ತದೆ. 1 ಮಿಮೀಗಿಂತ ಸಣ್ಣ ಗೆರೆ ಒಗೆತಕ್ಕೆ ಉದುರುತ್ತದೆ. ಎಡ ಎದೆಯ ಮೇಲೆ 3 ಇಂಚಿನ ಲೋಗೋ ಆದರೆ ಧಾರಾಳವಾಗಿ ಹಾಕಿ, ಬೆನ್ನ ತುಂಬ ಬರಹಕ್ಕೆ ಬೇಡ. ಕಾಲರ್ ಗುಂಡಿ, ಹೊಲಿಗೆಯ ದಪ್ಪ ಪ್ರೆಸ್ಸಿನೊಳಗೆ ಸಿಕ್ಕರೆ ಪ್ರೆಶರ್ ಒಂದೇ ಸಮ ಬೀಳುವುದಿಲ್ಲ, ಅವನ್ನು ಹೊರಗೆ ಜೋತುಬಿಡಿ.

ಡೆನಿಮ್, ಕ್ಯಾನ್ವಾಸ್: ದಪ್ಪ ಕಣದ ಪೌಡರ್ ಇರಲಿ, ಯೋಚನೆ ಬೇಡ. ಲೈಕ್ರಾ ಬೆರೆತ ಟೈಟ್ ಬಟ್ಟೆ: ಪ್ರಿಂಟ್ ಆರಿದ ಮೇಲೆ ಎಳೆದು ನೋಡಿ, ಬಿರುಕು ಬಿಟ್ಟರೆ ಪೌಡರ್ ಸರಿಯಾಗಿ ಬೆಂದಿಲ್ಲ. ನೈಲಾನ್ ರೇನ್‌ಕೋಟು: ನೀರು ನಿಲ್ಲದ ಲೇಪನಕ್ಕೆ ಅಂಟೂ ನಿಲ್ಲುವುದಿಲ್ಲ.

‘ಹಂಡ್ರೆಡ್ ಪರ್ಸೆಂಟ್ ಕಾಟನ್’ ಅಂತ ಚೀಟಿ ಅಂಟಿಸಿ ಪಿಸಿ ಕೊಡುವವರಿದ್ದಾರೆ, ಆಂಥ್ರಾ ಮೆಲಾಂಜ್‌ನಲ್ಲಂತೂ (ಎಳೆ ಬೆರೆತ ಗಾಢ ಬೂದು ಬಣ್ಣ) ಪಾಲಿಯೆಸ್ಟರ್ ಇರುವುದೇ ಹೆಚ್ಚು. ಒಳ ಹೊಲಿಗೆಯ ಅಂಚಿನಿಂದ ಬಟ್ಟೆಯ ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಹೊಲಿಗೆ ದಾರವನ್ನಲ್ಲ, ಅದು ಸಾಮಾನ್ಯವಾಗಿ ಪಾಲಿಯೆಸ್ಟರೇ. ಕಾಗದ ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾಗುವ ಬೂದಿ ಉಳಿದರೆ ಕಾಟನ್. ಕರಗಿ ಗಟ್ಟಿ ಕರಿ ಮಣಿಯಾದರೆ ಪಾಲಿಯೆಸ್ಟರ್. ಎರಡೂ ಆದರೆ ಮಿಕ್ಸ್.

ನನ್ನದು ಒಂದೇ ಪ್ರೆಸ್, ಒಂದೇ ಬಗೆಯ ಫಿಲ್ಮ್, 10ರಿಂದ 50 ಪೀಸಿನ ಆರ್ಡರ್‌ಗಳು. ಆರ್ಡರಿಗೊಂದು ಶಾಖ, ಒಂದು ಪೌಡರ್ ಅಂತ ಬದಲಿಸುತ್ತ ಕೂತರೆ ಅಗ್ಗದ ಬಟ್ಟೆಯಲ್ಲಿ ಉಳಿಸಿದ ದುಡ್ಡು ಕೆಟ್ಟ ಪೀಸಿನಲ್ಲಿ ಹೋಗುತ್ತದೆ. ಅದಕ್ಕೇ ಕಾಟನ್. ದಿನವಿಡೀ ಕ್ರಿಕೆಟ್ ಜೆರ್ಸಿಯನ್ನೇ ಮಾಡುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರು ಡಿಟಿಎಫ್ ಬಿಟ್ಟು ಬಿಳಿ ಪಾಲಿಯೆಸ್ಟರ್ ಮೇಲೆ ಸಬ್ಲಿಮೇಶನ್ ಮಾಡಿಸುವುದೇ ವಾಸಿ, ಬಣ್ಣ ನೂಲಿನೊಳಗೇ ಹೋಗುತ್ತದೆ.

ರಾಜ್ಯೋತ್ಸವಕ್ಕೆ ಡ್ರೈ-ಫಿಟ್ಟೇ ಬೇಕೆಂದು ಪಟ್ಟು ಹಿಡಿದವರಿಗೆ ನಾನು ಹಳದಿ ಬಟ್ಟೆ, ಕೆಂಪು ಅಕ್ಷರ ಒಪ್ಪಿಸುತ್ತೇನೆ. ಹಳದಿ ಏರಿದರೂ ಕೆಂಪಿನಲ್ಲಿ ಕಾಣುವುದಿಲ್ಲ. ಡಿಸೈನಿನಲ್ಲಿ ಎಲ್ಲೂ ಬಿಳಿ ಕಾಣದಂತೆ ನೋಡಿಕೊಂಡರಾಯಿತು. ಕೆಂಪು ಬಟ್ಟೆಯೇ ಆಗಬೇಕು ಅಂದರೆ ಕಾಟನ್ ದರದ ಕೊಟೇಶನ್ ಕೊಟ್ಟು ಸುಮ್ಮನಾಗುತ್ತೇನೆ.